ಜಾಲದ ಟ್ರಾಫಿಕ್ಕನ್ನು ಚಿತ್ರವಾಗಿ ನೋಡುವುದು ಹೇಗೆ: ವೈರ್‌ಶಾರ್ಕ್‌ನಿಂದ ಗ್ರಾಫಾನಾವರೆಗೆ ಒಂದು ಸಮಗ್ರ ಮಾರ್ಗದರ್ಶಿ

60 ಜನ ಕೆಲಸ ಮಾಡುವ ಒಂದು ಕಚೇರಿಯನ್ನು ಊಹಿಸಿಕೊಳ್ಳೋಣ. ಅಲ್ಲಿಗೆ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವೇಗದ ಲೀಸ್ಡ್ ಲೈನ್, ಅಂದರೆ ಕಚೇರಿಗೇ ಮೀಸಲಾದ ಬಾಡಿಗೆಯ ಸಂಪರ್ಕ, ಇದೆ. ಮಧ್ಯಾಹ್ನ ಮೂರರ ಹೊತ್ತಿಗೆ ವಿಡಿಯೊ ಕರೆಗಳು ತುಂಡುತುಂಡಾಗುತ್ತವೆ ಎಂದು ಎಲ್ಲರೂ ದೂರುತ್ತಾರೆ. ಸಂಪರ್ಕ ಕೊಟ್ಟ ಕಂಪನಿಯವರು ತಮ್ಮ ಗ್ರಾಫನ್ನು ತೋರಿಸಿ, ಲೈನ್ ಒಮ್ಮೆಯೂ 40 ಎಂಬಿಪಿಎಸ್ ದಾಟಿಲ್ಲ ಎನ್ನುತ್ತಾರೆ. ಇಬ್ಬರ ಮಾತೂ ನಿಜವಿರಬಹುದು. ಬ್ಯಾಕಪ್ ತಂತ್ರಾಂಶವೊಂದು ಪ್ರತಿ ನಿಮಿಷದಲ್ಲಿ 20 ಸೆಕೆಂಡು ಲೈನನ್ನು ಪೂರ್ತಿ ತುಂಬಿ, ಉಳಿದ 40 ಸೆಕೆಂಡು 10 ಎಂಬಿಪಿಎಸ್ ಮಾತ್ರ ಹರಿಯುವಂತಿದ್ದರೆ ಸರಾಸರಿ ಬರುವುದು ಸರಿಯಾಗಿ 40. ಐದು ನಿಮಿಷದ ಸರಾಸರಿಯಲ್ಲಿ ಸಮತಟ್ಟಾಗಿ ಕಾಣುವ ಗೆರೆ ಒಂದು ಸೆಕೆಂಡಿನ ಲೆಕ್ಕದಲ್ಲಿ ಗರಗಸದ ಹಲ್ಲಿನಂತೆ ಏಳುತ್ತದೆ, ಬೀಳುತ್ತದೆ. ಟ್ರಾಫಿಕ್ಕನ್ನು ಚಿತ್ರವಾಗಿಸುವ ತಂತ್ರಾಂಶಗಳನ್ನು ಬಳಸುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನಾನು ನೋಡುತ್ತಿರುವ ಒಂದೊಂದು ಚುಕ್ಕೆಯೂ ಎಷ್ಟು ಹೊತ್ತಿನ ಸರಾಸರಿ?

ಈ ಕಚೇರಿಯ ತೊಂದರೆಯನ್ನೇ ಎದುರಿಗಿಟ್ಟುಕೊಂಡು, ಮುಕ್ತವಾಗಿ ಸಿಗುವ ತಂತ್ರಾಂಶಗಳಿಂದ ಅದರ ಕಾರಣವನ್ನು ಪತ್ತೆ ಮಾಡುವ ಕ್ರಮವನ್ನು ಮುಂದೆ ವಿವರಿಸಿದ್ದೇನೆ. ಮೆನುಗಳ, ಫಿಲ್ಟರ್‌ಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದರೂ, ಯಂತ್ರದಲ್ಲಿ ಅವು ಇಂಗ್ಲಿಷಿನಲ್ಲಿರುತ್ತವೆ; ಫಿಲ್ಟರ್‌ಗಳನ್ನು ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೂರು ಬಗೆಯ ದತ್ತಾಂಶ

ಜಾಲದಿಂದ ನಮಗೆ ಮೂರು ಬಗೆಯ ಮಾಹಿತಿ ಸಿಗುತ್ತದೆ. ಸಲಕರಣೆಯ ಆಯ್ಕೆ ಇದರ ಮೇಲೆ ನಿಂತಿದೆ. ಮೊದಲನೆಯದು ಪ್ಯಾಕೆಟ್. ಹಾದುಹೋದ ಒಂದೊಂದು ತುಣುಕನ್ನೂ ಅದರ ಹೊತ್ತಿನ ಸಮೇತ ಬರೆದಿಡುವ ವಿಧಾನವಿದು. 1988ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಹುಟ್ಟಿದ ಟಿಸಿಪಿಡಂಪ್ ಮತ್ತು 1998ರಲ್ಲಿ ಜೆರಾಲ್ಡ್ ಕೂಂಬ್ಸ್ ಈಥೀರಿಯಲ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದ ವೈರ್‌ಶಾರ್ಕ್ ಈ ಕೆಲಸಕ್ಕೆ ಮೀಸಲಾದವು. ಎರಡನೆಯದು ಫ್ಲೋ, ಅಂದರೆ ಯಾವ ಯಂತ್ರ ಯಾವ ಯಂತ್ರದೊಡನೆ, ಯಾವ ಪೋರ್ಟಿನಲ್ಲಿ (ಇಲ್ಲಿ ಪೋರ್ಟ್ ಎಂದರೆ ಸೇವೆಯನ್ನು ಗುರುತಿಸುವ ಸಂಖ್ಯೆ), ಎಷ್ಟು ಬೈಟ್ ವಿನಿಮಯ ಮಾಡಿಕೊಂಡಿತು ಎಂಬ ಸಾರಾಂಶ. ಸಿಸ್ಕೊದ ನೆಟ್‌ಫ್ಲೋ ಇದರ ಮೂಲ. ಮೂರನೆಯದು ಕೌಂಟರ್: ರೂಟರ್ ಮತ್ತು ಸ್ವಿಚ್‌ಗಳು ತಮ್ಮ ಪ್ರತಿ ಪೋರ್ಟಿನಲ್ಲಿ (ತಂತಿ ಚುಚ್ಚುವ ಕಿಂಡಿಯಲ್ಲಿ) ಒಟ್ಟು ಎಷ್ಟು ಬೈಟ್ ಹಾದುಹೋಯಿತು ಎಂದು ಇಟ್ಟುಕೊಳ್ಳುವ ಲೆಕ್ಕ. ಇದನ್ನು ಎಸ್‌ಎನ್‌ಎಂಪಿ ಎಂಬ, ಜಾಲದ ಸಲಕರಣೆಗಳನ್ನು ವಿಚಾರಿಸುವ ನಿಯಮಾವಳಿಯ ಮೂಲಕ ಆಗಾಗ ಓದಿಕೊಳ್ಳಲಾಗುತ್ತದೆ.

ದೂರವಾಣಿ ಬಿಲ್ಲಿನ ಹೋಲಿಕೆ ಕೊಟ್ಟರೆ ಸುಲಭವಾದೀತು. ಕೌಂಟರ್ ಎಂದರೆ ತಿಂಗಳ ಒಟ್ಟು ಮೊತ್ತ, ಫ್ಲೋ ಎಂದರೆ ಯಾವ ನಂಬರಿಗೆ ಎಷ್ಟು ನಿಮಿಷ ಎಂಬ ಪಟ್ಟಿ, ಪ್ಯಾಕೆಟ್ ಎಂದರೆ ಮಾತಿನ ಧ್ವನಿಮುದ್ರಣ. ತಿಂಗಳುಗಟ್ಟಲೆ ಇಟ್ಟುಕೊಳ್ಳಲು ಮೊತ್ತವೇ ಸಾಕು. ಆದರೆ ಎರಡು ಸೆಕೆಂಡಿನ ತೊಡಕನ್ನು ಬಿಡಿಸಲು ಧ್ವನಿಮುದ್ರಣ ಬೇಕೇ ಬೇಕು. ತಿಂಗಳ ಮೊತ್ತವನ್ನು ಎಷ್ಟು ಚಂದದ ಬಣ್ಣದಲ್ಲಿ ಬಿಡಿಸಿದರೂ ಅದರಿಂದ ಮಾತು ಕೇಳಿಸುವುದಿಲ್ಲ.

ಎಲ್ಲಿ ನಿಂತು ನೋಡಬೇಕು

ವೈರ್‌ಶಾರ್ಕ್ ಹಾಕಿಕೊಂಡ ಹೊಸಬರು ಸಾಮಾನ್ಯವಾಗಿ ತಮ್ಮದೇ ಲ್ಯಾಪ್‌ಟಾಪಿನಲ್ಲಿ ಅದನ್ನು ಚಾಲೂ ಮಾಡಿ, ಇಡೀ ಕಚೇರಿಯ ಟ್ರಾಫಿಕ್ ಕಾಣಿಸುತ್ತದೆಂದು ಕಾಯುತ್ತಾರೆ. ಸ್ವಿಚ್ ಇರುವ ಜಾಲದಲ್ಲಿ ಹಾಗಾಗುವುದಿಲ್ಲ. ನಿಮ್ಮ ಪೋರ್ಟಿಗೆ ಬರುವುದು ನಿಮ್ಮ ಯಂತ್ರದ ಪ್ಯಾಕೆಟ್‌ಗಳು ಮತ್ತು ಎಲ್ಲರಿಗೂ ಕೂಗಿ ಹೇಳುವ ಬ್ರಾಡ್‌ಕಾಸ್ಟ್ ಸಂದೇಶಗಳು, ಅಷ್ಟೆ. ಆದ್ದರಿಂದ ರೂಟರಿಗೆ ಹೋಗುವ ಸ್ವಿಚ್ ಪೋರ್ಟನ್ನು ಇನ್ನೊಂದು ಖಾಲಿ ಪೋರ್ಟಿಗೆ ಮಿರರ್ ಮಾಡಿ (ಅಂದರೆ ಅದರ ಟ್ರಾಫಿಕ್ಕಿನ ನಕಲು ಅಲ್ಲಿಗೂ ಹೋಗುವಂತೆ ಮಾಡಿ), ಸೆರೆಹಿಡಿಯುವ ಯಂತ್ರವನ್ನು ಅಲ್ಲಿಗೆ ಜೋಡಿಸಬೇಕು. ನಿರ್ವಹಣೆಗೆ ವೆಬ್ ಪುಟವಿರುವ ಬಹುತೇಕ ಸ್ವಿಚ್‌ಗಳಲ್ಲಿ ಪೋರ್ಟ್ ಮಿರರಿಂಗ್ ಎಂಬ ಆಯ್ಕೆ ಇರುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. 1 ಜಿಬಿಪಿಎಸ್ ಪೋರ್ಟ್ ಒಂದೇ ಹೊತ್ತಿಗೆ ಒಳಕ್ಕೆ 1, ಹೊರಕ್ಕೆ 1, ಹೀಗೆ ಒಟ್ಟು 2 ಜಿಬಿಪಿಎಸ್ ಸಾಗಿಸಬಲ್ಲದು. ಮಿರರ್ ಪೋರ್ಟ್ ಅದೆರಡನ್ನೂ ಒಂದೇ ದಿಕ್ಕಿನಲ್ಲಿ ಕಳಿಸಬೇಕಾದ್ದರಿಂದ ಅದರ ಸಾಮರ್ಥ್ಯ ಸಾಲದೆ ಪ್ಯಾಕೆಟ್‌ಗಳು ಬಿದ್ದುಹೋಗಬಹುದು. ನಮ್ಮ ಉದಾಹರಣೆಯ 100 ಎಂಬಿಪಿಎಸ್ ಲೈನಿಗೆ ಈ ಚಿಂತೆಯಿಲ್ಲ. ಎರಡನೆಯದು, ಸರ್ವರಿನ ಮೇಲೆಯೇ ನೇರವಾಗಿ ಸೆರೆಹಿಡಿದರೆ 1,514 ಬೈಟ್‌ಗಿಂತ ಬಹಳ ದೊಡ್ಡದಾದ, ಕೆಲವೊಮ್ಮೆ 60 ಸಾವಿರ ಬೈಟ್ ದಾಟಿದ ಪ್ಯಾಕೆಟ್‌ಗಳು ಕಾಣಿಸುತ್ತವೆ. ತಂತಿಯಲ್ಲಿ ಅವು ಹಾಗೆ ಹೋಗಿರುವುದಿಲ್ಲ. ತುಂಡರಿಸುವ ಕೆಲಸವನ್ನು ನೆಟ್‌ವರ್ಕ್ ಕಾರ್ಡಿಗೆ ವಹಿಸಿರುವುದರಿಂದ ವೈರ್‌ಶಾರ್ಕ್‌ಗೆ ತುಂಡಾಗುವ ಮುಂಚಿನ ರೂಪ ಸಿಕ್ಕಿರುತ್ತದೆ. ಪ್ಯಾಕೆಟ್‌ಗಳ ಎಣಿಕೆಯ ಗ್ರಾಫ್ ಬಿಡಿಸುವವರಿಗೆ ಇದು ದೊಡ್ಡ ಮೋಸ.

ತಾಂತ್ರಿಕವಲ್ಲದ ಮೂರನೆಯ ಮಾತೂ ಇದೆ. ಜಾಲದ ಹೊಣೆ ಹೊತ್ತವರ ಲಿಖಿತ ಅನುಮತಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅನುಮತಿಯಿಲ್ಲದೆ ಕಂಪ್ಯೂಟರ್ ಜಾಲವನ್ನು ಪ್ರವೇಶಿಸುವುದು, ಅದರಿಂದ ದತ್ತಾಂಶ ತೆಗೆಯುವುದು ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರುತ್ತದೆ.

ಸೆರೆಹಿಡಿಯುವ ಕ್ರಮ

ಪೂರ್ತಿ ತುಂಬಿದ 100 ಎಂಬಿಪಿಎಸ್ ಲೈನ್ ಒಂದು ಸೆಕೆಂಡಿಗೆ 12.5 ಎಂಬಿಯಂತೆ ಐದು ನಿಮಿಷಕ್ಕೆ 3.75 ಜಿಬಿ ದತ್ತಾಂಶ ಕೊಡುತ್ತದೆ. ಮೂರು ಗಂಟೆಗೆ ಬರುವ ತೊಂದರೆಗಾಗಿ ಬೆಳಗ್ಗೆಯಿಂದ ಎಲ್ಲವನ್ನೂ ಬರೆದಿಡುತ್ತ ಹೋದರೆ ಡಿಸ್ಕ್ ತುಂಬುತ್ತದೆ, ಆಮೇಲೆ ಆ ಕಡತವನ್ನು ತೆರೆಯಲು ಹೋದರೆ ವೈರ್‌ಶಾರ್ಕ್ ಉಸಿರುಗಟ್ಟುತ್ತದೆ. ಹೀಗಾಗಿ ಕ್ಯಾಪ್ಚರ್ ಮೆನುವಿನ ಆಪ್ಷನ್ಸ್ ತೆರೆದು ಎರಡು ಬದಲಾವಣೆ ಮಾಡಿಕೊಳ್ಳಿ. ಇನ್‌ಪುಟ್ ಪುಟದಲ್ಲಿ ಸ್ನ್ಯಾಪ್‌ಲೆನ್ ಎಂಬ ಕಂಬಸಾಲಿನಲ್ಲಿ 128 ಎಂದು ಕೊಟ್ಟರೆ ಪ್ರತಿ ಪ್ಯಾಕೆಟಿನ ಮೊದಲ 128 ಬೈಟ್ ಮಾತ್ರ ಉಳಿಯುತ್ತದೆ. ತಲೆಬರಹಗಳಿಗೆ ಅಷ್ಟು ಸಾಕು. ಪ್ಯಾಕೆಟಿನ ನಿಜವಾದ ಉದ್ದ ಪ್ರತ್ಯೇಕವಾಗಿ ದಾಖಲಾಗುವುದರಿಂದ ಗ್ರಾಫಿನ ಲೆಕ್ಕ ತಪ್ಪುವುದಿಲ್ಲ. ಜನರ ಖಾಸಗಿ ವಿಷಯವನ್ನು ಅಗತ್ಯಕ್ಕಿಂತ ಹೆಚ್ಚು ಕೂಡಿಡದಂತೆಯೂ ಆಗುತ್ತದೆ. ಅನಂತರ ಔಟ್‌ಪುಟ್ ಪುಟಕ್ಕೆ ಹೋಗಿ, 100 ಎಂಬಿ ತುಂಬಿದ ಕೂಡಲೇ ಹೊಸ ಕಡತ ಶುರುವಾಗಲಿ, ಹೀಗೆ 20 ಕಡತಗಳ ರಿಂಗ್ ಬಫರ್ ಇರಲಿ ಎಂದು ಹೇಳಿ. ಇಪ್ಪತ್ತೊಂದನೆಯದು ಹುಟ್ಟಿದಾಗ ಮೊದಲನೆಯದು ತಾನಾಗಿ ಅಳಿಯುತ್ತದೆ. ತೊಂದರೆ ಕಾಣಿಸಿದ ಮೇಲೆ ನಿಲ್ಲಿಸಿದರೂ ಅದರ ಹಿಂದಿನ ಕ್ಷಣಗಳು ನಿಮ್ಮ ಕೈಯಲ್ಲಿರುತ್ತವೆ.

ನಿಲ್ಲಿಸಿದ ಮೇಲೆ ಪರದೆಯ ಕೆಳಪಟ್ಟಿಯಲ್ಲಿ ಡ್ರಾಪ್ಡ್ ಎಂಬ ಎಣಿಕೆ ಇದೆಯೇ ನೋಡಿ. ಕಳುಹಿಸಿದ್ದೇ ಕಾಣದ ಪ್ಯಾಕೆಟಿಗೆ ಸ್ವೀಕೃತಿ ಬಂದಿದೆ ಎಂಬ ಸೂಚನೆಗಳು ಪಟ್ಟಿಯಲ್ಲಿ ಹೇರಳವಾಗಿದ್ದರೆ, ಕೆಟ್ಟಿರುವುದು ಜಾಲವಲ್ಲ, ನಿಮ್ಮ ಸೆರೆಹಿಡಿಯುವಿಕೆ. ಅಂಥ ಕಡತದಿಂದ ಬಿಡಿಸಿದ ಯಾವ ಗ್ರಾಫನ್ನೂ ನಂಬಬಾರದು.

ಐ/ಒ ಗ್ರಾಫ್: ಕಾಲದ ಅಳತೆಯನ್ನು ಕಿರಿದು ಮಾಡುತ್ತ ಹೋಗುವುದು

ಸ್ಟ್ಯಾಟಿಸ್ಟಿಕ್ಸ್ ಮೆನುವಿನಲ್ಲಿ ಐ/ಒ ಗ್ರಾಫ್ಸ್ ತೆರೆಯಿರಿ. ಎಲ್ಲ ಪ್ಯಾಕೆಟ್‌ಗಳ ಒಂದು ಗೆರೆ, ಟಿಸಿಪಿ (ದತ್ತಾಂಶ ತಲುಪಿತೆಂದು ಸ್ವೀಕೃತಿ ಪಡೆಯುತ್ತ ಕಳಿಸುವ ವಿಧಾನ) ದೋಷಗಳ ಇನ್ನೊಂದು ಗೆರೆ ಆಗಲೇ ಸಿದ್ಧವಾಗಿರುತ್ತವೆ. ಮೊದಲು ಲಂಬ ಅಕ್ಷವನ್ನು ಪ್ಯಾಕೆಟ್ಸ್ ಎಂಬುದರಿಂದ ಬಿಟ್ಸ್‌ಗೆ ಬದಲಾಯಿಸಿ. ಲೈನಿನ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಬೈಟ್‌ಗಳಲ್ಲಿ ಹೇಳುತ್ತಾರೆ. ಇವೆರಡನ್ನು ಬೆರೆಸಿಕೊಂಡು ಎಂಟು ಪಟ್ಟು ತಪ್ಪಿದ ವರದಿಗಳು ಅಪರೂಪವೇನಲ್ಲ.

ಈಗ ಅವಧಿಯ ಆಟ. ಇಂಟರ್ವಲ್ ಎಂಬಲ್ಲಿ ಮೊದಲು 1 ನಿಮಿಷ ಆರಿಸಿದರೆ ನಮ್ಮ ಕಚೇರಿಯ ಗೆರೆ 40 ಎಂಬಿಪಿಎಸ್‌ಗೆ ಸಮನಾಗಿ ನೇರವಾಗಿ ಸಾಗುತ್ತದೆ. 1 ಸೆಕೆಂಡಿಗೆ ಇಳಿಸಿದರೆ 20 ಸೆಕೆಂಡಿನ ಗೋಡೆಗಳು ಎದ್ದು ನಿಲ್ಲುತ್ತವೆ. ನೆನಪಿಡಬೇಕಾದ್ದೇನೆಂದರೆ, ಬಿಟ್ಸ್ ಎಂಬ ಲೆಕ್ಕ ಆಯಾ ಅವಧಿಯ ಮೊತ್ತವೇ ಹೊರತು ಸೆಕೆಂಡಿನ ವೇಗವಲ್ಲ. ಹೀಗಾಗಿ 1 ನಿಮಿಷದ ಅವಧಿಯಲ್ಲಿ ಕಂಡ ಸಂಖ್ಯೆಯನ್ನು 60ರಿಂದ ಭಾಗಿಸಬೇಕು, 100 ಮಿಲಿಸೆಕೆಂಡಿನದನ್ನು 10ರಿಂದ ಗುಣಿಸಬೇಕು. 100 ಮಿಲಿಸೆಕೆಂಡ್ ಮತ್ತು 10 ಮಿಲಿಸೆಕೆಂಡಿನ ಅವಧಿಗಳನ್ನೂ ನೋಡಿಯೇ ಮುಂದೆ ಹೋಗಿ. ಒಂದು ಸೆಕೆಂಡಿನ ಲೆಕ್ಕದಲ್ಲಿ ಅರ್ಧ ಖಾಲಿ ಇರುವ ಲೈನ್ ಕೂಡ ಕೆಲವು ಮಿಲಿಸೆಕೆಂಡುಗಳ ಮಟ್ಟಿಗೆ ತುಂಬಿ ತುಳುಕಿ, ಸ್ವಿಚ್ಚಿನ ಬಫರಿನಿಂದ ಪ್ಯಾಕೆಟ್ ಚೆಲ್ಲಿಹೋಗುವುದುಂಟು. ಇದನ್ನು ಮೈಕ್ರೊಬರ್ಸ್ಟ್ ಎನ್ನುತ್ತಾರೆ. ಅದೇ ಗುಂಗಿನಲ್ಲಿ 1 ಮಿಲಿಸೆಕೆಂಡಿಗೆ ಇಳಿದರೆ ಮಾತ್ರ ಪ್ರತಿ ಪ್ಯಾಕೆಟೂ ಒಂದು ಶಿಖರದಂತೆ ಕಾಣತೊಡಗಿ, ಚಿತ್ರ ಅರ್ಥ ಕಳೆದುಕೊಳ್ಳುತ್ತದೆ: 1,500 ಬೈಟಿನ ಒಂದು ಪ್ಯಾಕೆಟ್ 100 ಎಂಬಿಪಿಎಸ್ ಲೈನಿನಲ್ಲಿ ಹಾದುಹೋಗಲು 0.12 ಮಿಲಿಸೆಕೆಂಡ್ ಬೇಕು, ಅಂದರೆ ಅಲ್ಲಿ ಒಂದು ಚುಕ್ಕೆಗೆ ಹೆಚ್ಚೆಂದರೆ ಎಂಟು ಪ್ಯಾಕೆಟ್.

ಗೋಡೆ ಕಂಡಮೇಲೆ ಅದನ್ನು ಕಟ್ಟಿದವರು ಯಾರು ಎಂದು ತಿಳಿಯಬೇಕು. ಅದಕ್ಕಾಗಿ ಅಧಿಕ ಚಿಹ್ನೆ ಒತ್ತಿ ಹೊಸ ಗೆರೆಗಳನ್ನು ಸೇರಿಸಿ, ಪ್ರತಿಯೊಂದಕ್ಕೂ ಒಂದು ಡಿಸ್‌ಪ್ಲೇ ಫಿಲ್ಟರ್ ಕೊಡಿ. ಅನುಮಾನವಿರುವ ಯಂತ್ರದ ಐಪಿ ವಿಳಾಸಕ್ಕೆ ಒಂದು ಗೆರೆ, ಮರುಪ್ರಸರಣಕ್ಕೆ (ಕಳೆದುಹೋದ ಪ್ಯಾಕೆಟನ್ನು ಮತ್ತೆ ಕಳಿಸುವುದಕ್ಕೆ) ಇನ್ನೊಂದು. ಎರಡನೆಯದರ ಫಿಲ್ಟರ್ ಟಿಸಿಪಿ.ಅನಾಲಿಸಿಸ್.ರಿಟ್ರಾನ್ಸ್‌ಮಿಷನ್. ಮರುಪ್ರಸರಣದ ಗೆರೆ ಒಟ್ಟು ಟ್ರಾಫಿಕ್ಕಿನ ಮುಂದೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಆಗ ಲಾಗ್ ಸ್ಕೇಲ್ ಗುರುತು ಹಾಕಬಹುದು, ಅಥವಾ ಆ ಗೆರೆಯ ಶೈಲಿಯನ್ನು ಚುಕ್ಕೆಗಳಿಗೆ ಬದಲಾಯಿಸಿ ಲಂಬ ಅಕ್ಷವನ್ನು ಪ್ಯಾಕೆಟ್ ಎಣಿಕೆಗೆ ತಂದು ಬೇರೆಯಾಗಿ ನೋಡಬಹುದು. ಕೆಂಪು, ಹಸಿರು ಎರಡನ್ನೇ ಬಳಸಬೇಡಿ; ಅವುಗಳ ವ್ಯತ್ಯಾಸ ತಿಳಿಯದ ಕಣ್ಣುಗಳು ನಿಮ್ಮ ಓದುಗರಲ್ಲೂ ಇರಬಹುದು. ನೀಲಿ ಮತ್ತು ಕಿತ್ತಳೆ ಒಳ್ಳೆಯ ಜೋಡಿ.

ಬಹಳ ಜನ ಮುಟ್ಟದ ಇನ್ನೊಂದು ಸೌಲಭ್ಯ ಇಲ್ಲೇ ಇದೆ. ಲಂಬ ಅಕ್ಷಕ್ಕೆ ಮ್ಯಾಕ್ಸ್ ಎಂಬ ಲೆಕ್ಕವನ್ನು ಆರಿಸಿ, ವೈ ಫೀಲ್ಡ್ ಎಂಬಲ್ಲಿ ಟಿಸಿಪಿ.ಅನಾಲಿಸಿಸ್.ಎಸಿಕೆ ಅಂಡರ್‌ಸ್ಕೋರ್ ಆರ್‌ಟಿಟಿ ಎಂದು ಕೊಟ್ಟರೆ, ಕಳುಹಿಸಿದ್ದಕ್ಕೆ ಸ್ವೀಕೃತಿ ಬರಲು ಆಯಾ ಅವಧಿಯಲ್ಲಿ ಹಿಡಿದ ಅತಿ ಹೆಚ್ಚಿನ ಸಮಯ ಗೆರೆಯಾಗುತ್ತದೆ. ಸರಾಸರಿಯ ಬದಲು ಗರಿಷ್ಠವನ್ನೇ ಆರಿಸಿ, ಏಕೆಂದರೆ ವಿಡಿಯೊ ಕರೆ ತುಂಡಾಗುವುದು ಸರಾಸರಿ ವಿಳಂಬದಿಂದಲ್ಲ, ನಡುನಡುವೆ ಎದ್ದ ವಿಳಂಬದಿಂದ. ನಮ್ಮ ಕಚೇರಿಯಲ್ಲಿ ಬ್ಯಾಕಪ್ಪಿನ ಗೋಡೆ ಎದ್ದಾಗಲೆಲ್ಲ ಈ ಗೆರೆಯೂ ಏರಿದರೆ, ರೂಟರಿನ ಮುಂದೆ ಪ್ಯಾಕೆಟ್‌ಗಳು ಸಾಲುಗಟ್ಟಿ ನಿಲ್ಲುತ್ತಿವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಒಂದೇ ಸಂಪರ್ಕದ ಒಳಗೆ

ಲೈನ್ ಖಾಲಿ ಇದ್ದರೂ ಒಂದು ಡೌನ್‌ಲೋಡ್ ಮಾತ್ರ ನಿಧಾನ ಎಂಬ ದೂರಿಗೆ ಐ/ಒ ಗ್ರಾಫ್ ಉತ್ತರಿಸುವುದಿಲ್ಲ. ಆ ಸಂಪರ್ಕದ ದತ್ತಾಂಶ ಹೊತ್ತ ಒಂದು ಪ್ಯಾಕೆಟನ್ನು ಆರಿಸಿ, ಸ್ಟ್ಯಾಟಿಸ್ಟಿಕ್ಸ್‌ನ ಟಿಸಿಪಿ ಸ್ಟ್ರೀಮ್ ಗ್ರಾಫ್ಸ್ ಒಳಗಿನ ಟಿಸಿಪಿಟ್ರೇಸ್ ಚಿತ್ರವನ್ನು ತೆರೆಯಬೇಕು. ಗ್ರಾಫ್ ಖಾಲಿಯಾಗಿ ಕಂಡರೆ ದಿಕ್ಕು ತಿರುಗುಮುರುಗಾಗಿದೆ ಎಂದರ್ಥ. ಸ್ವಿಚ್ ಡೈರೆಕ್ಷನ್ ಒತ್ತಿ.

ಅಡ್ಡಕ್ಕೆ ಕಾಲ, ಉದ್ದಕ್ಕೆ ಸೀಕ್ವೆನ್ಸ್ ಸಂಖ್ಯೆ (ಕಳಿಸಿದ ಬೈಟ್‌ಗಳ ಕ್ರಮಸಂಖ್ಯೆ). ಸಣ್ಣ ಗೀಟುಗಳು ಕಳುಹಿಸಿದ ದತ್ತಾಂಶ, ಅವುಗಳ ಕೆಳಗೆ ಮೆಟ್ಟಿಲಿನಂತೆ ಏರುವ ಗೆರೆ ಸ್ವೀಕೃತಿ, ಮೇಲೆ ಸಾಗುವ ಗೆರೆ ಪಡೆಯುವವನು ಇನ್ನೆಷ್ಟು ಹಿಡಿಸಬಲ್ಲ ಎಂಬ ಮಿತಿ. ಏರು ಕಡಿದಾದಷ್ಟೂ ವೇಗ ಹೆಚ್ಚು. ಅಡ್ಡವಾಗಿ ಮಲಗಿದ ಭಾಗ ಕಾಯುವಿಕೆ. ಗೀಟುಗಳು ಮೇಲಿನ ಗೆರೆಗೆ ತಾಗಿ ನಿಲ್ಲುತ್ತಿದ್ದರೆ ತೊಂದರೆ ಲೈನಿನದ್ದಲ್ಲ, ಪಡೆಯುವ ಯಂತ್ರದ ವಿಂಡೊ, ಅಂದರೆ ಆ ಮಿತಿ, ಚಿಕ್ಕದು. ಇದರ ಪರಿಣಾಮ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿ ನೋಡಿ: 65,535 ಬೈಟಿನ ವಿಂಡೊ ಇಟ್ಟುಕೊಂಡ ಯಂತ್ರ, ಹೋಗಿಬರಲು 200 ಮಿಲಿಸೆಕೆಂಡ್ ಹಿಡಿಯುವಷ್ಟು ದೂರದ ಸರ್ವರಿನಿಂದ ಕಡತ ತರಿಸಿಕೊಂಡರೆ ಸಿಗುವುದು ಸುಮಾರು 2.6 ಎಂಬಿಪಿಎಸ್ ಮಾತ್ರ. ಲೈನನ್ನು 100ರಿಂದ 500ಕ್ಕೆ ಏರಿಸಿದರೂ ಅದು 2.6 ಆಗಿಯೇ ಉಳಿಯುತ್ತದೆ. ಇದಕ್ಕೆ ಬದಲಾಗಿ ಗೀಟುಗಳು ಕೆಳಗಿನ ಗೆರೆಯ ಬಳಿಗೇ ಮತ್ತೆ ಮತ್ತೆ ಇಳಿದುಬರುತ್ತಿದ್ದರೆ ಅದು ಮರುಪ್ರಸರಣ. ದಾರಿಯಲ್ಲಿ ಎಲ್ಲೋ ಪ್ಯಾಕೆಟ್ ಕಳೆದುಹೋಗುತ್ತಿದೆ. ನನ್ನ ಮಟ್ಟಿಗೆ ವೈರ್‌ಶಾರ್ಕ್‌ನ ಅತ್ಯಂತ ಬೆಲೆಬಾಳುವ ಚಿತ್ರ ಇದೇ, ಕಲಿಯಲು ಒಂದು ಸಂಜೆ ಹಿಡಿದರೂ ಚಿಂತೆಯಿಲ್ಲ.

ಯಾರು ಯಾರೊಡನೆ

ಸಂಬಂಧಗಳನ್ನು ತೋರಿಸಲು ಬೇರೆ ಜಾತಿಯ ಚಿತ್ರ ಬೇಕು. ಈಥರ್‌ಏಪ್ ಎಂಬ ತಂತ್ರಾಂಶ ಯಂತ್ರಗಳನ್ನು ವೃತ್ತಾಕಾರವಾಗಿ ಜೋಡಿಸಿ, ಅವುಗಳ ನಡುವಿನ ಟ್ರಾಫಿಕ್ಕನ್ನು ಆ ಕ್ಷಣದಲ್ಲೇ ಬಣ್ಣದ ಗೆರೆಗಳಾಗಿ ತೋರಿಸುತ್ತದೆ. ದಟ್ಟಣೆ ಹೆಚ್ಚಿದಂತೆ ಗೆರೆ ದಪ್ಪವಾಗುತ್ತದೆ. ತರಗತಿಯಲ್ಲಿ ಮಕ್ಕಳಿಗೆ ತೋರಿಸಲು ಚೆನ್ನ. ಯಂತ್ರಗಳು ಐವತ್ತು ದಾಟಿದರೆ ನೂಲುಂಡೆ.

ಕಚೇರಿಗೆ ಹೆಚ್ಚು ಉಪಯುಕ್ತವಾದದ್ದು ಲೂಕಾ ಡೇರಿ ಅವರ ಎನ್‌ಟಾಪ್‌ಎನ್‌ಜಿ. ಅದರ ಉಚಿತ ಆವೃತ್ತಿಯನ್ನು ಮಿರರ್ ಪೋರ್ಟಿಗೆ ಜೋಡಿಸಿದ ಲಿನಕ್ಸ್ ಯಂತ್ರದಲ್ಲಿ ಹಾಕಿ, ಬ್ರೌಸರಿನಲ್ಲಿ 3000ನೇ ಪೋರ್ಟನ್ನು ತೆರೆದು, ಮೊದಲ ಬಾರಿಗೆ ಅಡ್ಮಿನ್ ಎಂಬ ಹೆಸರು, ಅದೇ ಗುಪ್ತಪದದಿಂದ ಒಳಹೋಗಿ ಕೂಡಲೇ ಅದನ್ನು ಬದಲಾಯಿಸಿ. ಯಾವ ಯಂತ್ರ ಹೆಚ್ಚು ಬಳಸುತ್ತಿದೆ, ಯಾವ ಬಗೆಯ ಸೇವೆಗೆ ಎಂಬುದನ್ನು ಅದು ತಾನೇ ವಿಂಗಡಿಸಿ ಕೊಡುತ್ತದೆ. ಟ್ರಾಫಿಕ್ಕಿನ ಬಹುಭಾಗ ಗೂಢಲಿಪಿಯಲ್ಲಿರುವ ಈ ಕಾಲದಲ್ಲೂ, ಸಂಪರ್ಕದ ಆರಂಭದಲ್ಲಿ ಸಾಮಾನ್ಯವಾಗಿ ಬಯಲಾಗಿ ಹೋಗುವ ಸರ್ವರ್ ಹೆಸರಿನಂಥ ಸುಳಿವುಗಳಿಂದ ಈ ವಿಂಗಡಣೆ ಸಾಧ್ಯವಾಗುತ್ತದೆ.

ವರದಿಗೆ ಅಂಟಿಸಲು ಒಂದು ಜಾಲಚಿತ್ರ ಬೇಕಾದರೆ ಗೆಫಿ ಎಂಬ, ಸಂಬಂಧಗಳ ಚಿತ್ರ ಬಿಡಿಸುವ ತಂತ್ರಾಂಶವನ್ನು ಬಳಸಬಹುದು. ವೈರ್‌ಶಾರ್ಕ್‌ನ ಕಾನ್ವರ್ಸೇಷನ್ಸ್ ಕಿಟಕಿಯಲ್ಲಿ ಐಪಿವಿ4 ಪಟ್ಟಿಯನ್ನು ಸಿಎಸ್‌ವಿಯಾಗಿ ನಕಲು ಮಾಡಿ, ಸ್ಪ್ರೆಡ್‌ಶೀಟಿನಲ್ಲಿ ಮೊದಲ ವಿಳಾಸದ ತಲೆಬರಹವನ್ನು ಸೋರ್ಸ್, ಎರಡನೆಯದನ್ನು ಟಾರ್ಗೆಟ್, ಬೈಟ್‌ಗಳದನ್ನು ವೇಟ್ ಎಂದು ಬದಲಾಯಿಸಿ. ಬೈಟ್‌ಗಳ ಜಾಗದಲ್ಲಿ 12 ಕೆಬಿ ಎಂಬಂಥ ಬರಹವಿದ್ದರೆ ಬರಿಯ ಸಂಖ್ಯೆಗೆ ಇಳಿಸಿ, ಇಲ್ಲದಿದ್ದರೆ ಗೆಫಿ ಅದನ್ನು ಅಕ್ಷರವೆಂದೇ ಓದುತ್ತದೆ. ಕಡತವನ್ನು ಎಡ್ಜಸ್ ಟೇಬಲ್ ಆಗಿ ಒಳತಂದು, ಫೋರ್ಸ್ ಅಟ್ಲಾಸ್ 2 ಎಂಬ ವಿನ್ಯಾಸವನ್ನು ಅರ್ಧ ನಿಮಿಷ ಓಡಿಸಿ ನಿಲ್ಲಿಸಿ. ಒಂದು ಎಚ್ಚರಿಕೆ: ಈ ಚಿತ್ರದಲ್ಲಿ ಎರಡು ಬಿಂದುಗಳು ಎಡಬಲದಲ್ಲಿ ಎಲ್ಲಿವೆ ಎಂಬುದಕ್ಕೆ ಯಾವ ಅರ್ಥವೂ ಇಲ್ಲ, ಯಾವುದು ಯಾವುದರ ಸಮೀಪ ಗುಂಪುಗೂಡಿದೆ ಎಂಬುದಷ್ಟೇ ಮುಖ್ಯ.

ದಿನ, ವಾರ, ತಿಂಗಳು

ದೀರ್ಘಕಾಲದ ಗ್ರಾಫಿನ ಕಥೆ 1994ರ ಸುಮಾರಿಗೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯದಲ್ಲಿ ಶುರುವಾಗುತ್ತದೆ. ಅಲ್ಲಿದ್ದ 64 ಕೆಬಿಪಿಎಸ್ ಸಂಪರ್ಕದ ಮೇಲೆ ಕಣ್ಣಿಡಲು ಟೋಬಿಯಾಸ್ ಓಟಿಕರ್ ಬರೆದ ಎಂಆರ್‌ಟಿಜಿ ಎಂಬ ತಂತ್ರಾಂಶ ಐದು ನಿಮಿಷಕ್ಕೊಮ್ಮೆ ಕೌಂಟರ್ ಓದುತ್ತಿತ್ತು. ಐದು ನಿಮಿಷ ಎಂಬ ಪದ್ಧತಿ ಇಂದಿಗೂ ಉಳಿದಿದೆ. ಅದರ ದಿನದ ಗ್ರಾಫಿನಲ್ಲಿ ಒಂದು ಚುಕ್ಕೆ ಐದು ನಿಮಿಷದ ಸರಾಸರಿ, ವಾರದ್ದರಲ್ಲಿ 30 ನಿಮಿಷ, ತಿಂಗಳಿನದರಲ್ಲಿ 2 ಗಂಟೆ, ವರ್ಷದ್ದರಲ್ಲಿ ಇಡೀ ಒಂದು ದಿನ. ಅದೇ ಲೈನಿನ ಶಿಖರ ವರ್ಷದ ಗ್ರಾಫಿನಲ್ಲಿ ಗಿಡ್ಡವಾಗುವುದು ಇದೇ ಕಾರಣಕ್ಕೆ.

ಇಂದು ಅದೇ ಕೆಲಸಕ್ಕೆ ಪ್ರೊಮಿಥಿಯಸ್ ಮತ್ತು ಗ್ರಾಫಾನಾ ಜೋಡಿ ಹೆಚ್ಚು ಬಳಕೆಯಲ್ಲಿದೆ. ಮೊದಲನೆಯದು ಅಂಕಿಗಳನ್ನು ಓದಿ ಕೂಡಿಡುತ್ತದೆ, ಎರಡನೆಯದು ಅವನ್ನು ಗ್ರಾಫಾಗಿ ಬಿಡಿಸುತ್ತದೆ. ಸ್ವಿಚ್ಚಿನಲ್ಲಿ ಎಸ್‌ಎನ್‌ಎಂಪಿ ಓದುವ ಅನುಮತಿಯನ್ನು ಮಾತ್ರ ತೆರೆಯಿರಿ, ಪಬ್ಲಿಕ್ ಎಂಬ ಪೂರ್ವನಿಗದಿತ ಗುಪ್ತಪದವನ್ನು ಬದಲಿಸಿ. ಸ್ವಿಚ್ಚಿನ ಕೌಂಟರ್‌ಗಳನ್ನು ಪ್ರೊಮಿಥಿಯಸ್‌ಗೆ ತಲುಪಿಸುವ ಎಸ್‌ಎನ್‌ಎಂಪಿ ಎಕ್ಸ್‌ಪೋರ್ಟರ್ ಅನ್ನು ಹಾಕಿ (ಅದು 9116ನೇ ಪೋರ್ಟಿನಲ್ಲಿ ಕೂರುತ್ತದೆ), ಪ್ರೊಮಿಥಿಯಸ್‌ನ ಸಂರಚನಾ ಕಡತದಲ್ಲಿ ಸ್ವಿಚ್ಚಿನ ವಿಳಾಸ ಮತ್ತು ಇಫ್ ಅಂಡರ್‌ಸ್ಕೋರ್ ಮಿಬ್ ಎಂಬ ಮಾಡ್ಯೂಲಿನ ಹೆಸರು ಬರೆದು, 30 ಸೆಕೆಂಡಿಗೊಮ್ಮೆ ಓದಲು ಹೇಳಿ. ಪ್ರೊಮಿಥಿಯಸ್ ತಾನಾಗಿ 15 ದಿನದ ದತ್ತಾಂಶ ಮಾತ್ರ ಇಟ್ಟುಕೊಳ್ಳುವುದರಿಂದ ಮೂರು ತಿಂಗಳ ಹೋಲಿಕೆ ಬೇಕಾದರೆ ಆ ಅವಧಿಯನ್ನು ಮೊದಲ ದಿನವೇ ಹೆಚ್ಚಿಸಿ. ಗ್ರಾಫಾನಾ ಕೂಡ 3000ನೇ ಪೋರ್ಟನ್ನೇ ಕೇಳುತ್ತದೆ; ಎನ್‌ಟಾಪ್‌ಎನ್‌ಜಿ ಅದೇ ಯಂತ್ರದಲ್ಲಿದ್ದರೆ ಒಂದನ್ನು ಬೇರೆ ಪೋರ್ಟಿಗೆ ಸರಿಸದೆ ಎರಡನೆಯದು ಏಳುವುದಿಲ್ಲ.

ಗ್ರಾಫಾನಾದಲ್ಲಿ ಪ್ರೊಮಿಥಿಯಸ್ಸನ್ನು ಡೇಟಾ ಸೋರ್ಸ್ ಆಗಿ, 9090ನೇ ಪೋರ್ಟಿನ ವಿಳಾಸ ಕೊಟ್ಟು ಸೇರಿಸಿದ ಮೇಲೆ ಹೊಸ ಪ್ಯಾನೆಲ್ ತೆರೆಯಿರಿ. ಕೌಂಟರ್ ಆರಿಸುವಾಗ ಇಫ್‌ಇನ್‌ಆಕ್ಟೆಟ್ಸ್ ಬೇಡ, ಹೆಸರಿನಲ್ಲಿ ಎಚ್‌ಸಿ ಇರುವ ಇಫ್‌ಎಚ್‌ಸಿಇನ್‌ಆಕ್ಟೆಟ್ಸ್ ಬೇಕು. ಮೊದಲನೆಯದು 32 ಬಿಟ್‌ನದು. 429 ಕೋಟಿ ಬೈಟ್ ದಾಟಿದರೆ ಮತ್ತೆ ಸೊನ್ನೆಯಿಂದ ಎಣಿಸುತ್ತದೆ. ಪೂರ್ತಿ ತುಂಬಿದ 1 ಜಿಬಿಪಿಎಸ್ ಪೋರ್ಟಿನಲ್ಲಿ ಅದು ಸುಮಾರು 34 ಸೆಕೆಂಡಿಗೊಮ್ಮೆ ಸುತ್ತು ಹಾಕುವುದರಿಂದ, ಐದು ನಿಮಿಷಕ್ಕೊಮ್ಮೆ ಓದುವವರಿಗೆ ನಡುವೆ ಎಷ್ಟು ಸುತ್ತು ಆಯಿತೆಂದೇ ತಿಳಿಯುವುದಿಲ್ಲ. ಆ ಕೌಂಟರಿನ ಮೇಲೆ ರೇಟ್ ಎಂಬ ಕ್ರಿಯೆ ಹಾಕಿ, ಅವಧಿಯನ್ನು ಓದುವ ಅಂತರದ ನಾಲ್ಕು ಪಟ್ಟು, ಅಂದರೆ 2 ನಿಮಿಷ ಕೊಟ್ಟು, ಬಂದ ಫಲವನ್ನು 8ರಿಂದ ಗುಣಿಸಿ. ಹಲವು ಪೋರ್ಟ್‌ಗಳನ್ನು ಕೂಡಿಸುವುದಿದ್ದರೆ ಮೊದಲು ರೇಟ್, ಆಮೇಲೆ ಮೊತ್ತ. ಕ್ರಮ ತಿರುಗಿಸಿದರೆ ಯಾವುದಾದರೂ ಸ್ವಿಚ್ ಮರುಪ್ರಾರಂಭವಾದ ದಿನ ಗ್ರಾಫಿನಲ್ಲಿ ಇಲ್ಲದ ಬೆಟ್ಟವೊಂದು ಏಳುತ್ತದೆ. ಘಟಕವನ್ನು ಬಿಟ್ಸ್ ಪರ್ ಸೆಕೆಂಡ್ ಎಂದು ಆರಿಸಿ. ಹೊರಹೋಗುವ ಟ್ರಾಫಿಕ್ಕಿಗೆ ನೆಗೆಟಿವ್ ವೈ ರೂಪಾಂತರ ಕೊಟ್ಟು ಸೊನ್ನೆಯ ಗೆರೆಯ ಕೆಳಗೆ ಬಿಡಿಸಿದರೆ ಎರಡೂ ದಿಕ್ಕು ಒಂದೇ ನೋಟಕ್ಕೆ ಸಿಗುತ್ತದೆ. 100 ಎಂಬಿಪಿಎಸ್ ಮಟ್ಟದಲ್ಲಿ ಒಂದು ಥ್ರೆಶೋಲ್ಡ್ ಗೆರೆ ಎಳೆದು, ಅಕ್ಷದ ಮಿತಿಯನ್ನೂ ಅಷ್ಟಕ್ಕೇ ನಿಗದಿಪಡಿಸಿ, ಇಲ್ಲದಿದ್ದರೆ ಗ್ರಾಫಾನಾ ಅಕ್ಷವನ್ನು ಹಿಗ್ಗಿಸಿ 3 ಎಂಬಿಪಿಎಸ್‌ನ ಏರಿಳಿತವನ್ನೂ ಹಿಮಾಲಯದಂತೆ ತೋರಿಸುತ್ತದೆ.

ಲೈನಿನ ಬಿಲ್ಲು 95ನೇ ಪರ್ಸೆಂಟೈಲ್‌ನ (ಶೇಕಡಾ 95ರ ಮಟ್ಟದ) ಲೆಕ್ಕದಲ್ಲಿ ಬರುತ್ತಿದ್ದರೆ ಈ ದತ್ತಾಂಶ ಇನ್ನೊಂದು ಕೆಲಸಕ್ಕೂ ಬರುತ್ತದೆ. 30 ದಿನದಲ್ಲಿ ಐದು ನಿಮಿಷದ 8,640 ಓದುಗಳಿರುತ್ತವೆ. ಅವುಗಳಲ್ಲಿ ಅತಿ ಹೆಚ್ಚಿನ 432ನ್ನು, ಅಂದರೆ ಒಟ್ಟು 36 ಗಂಟೆಯಷ್ಟನ್ನು ಕೈಬಿಟ್ಟು, ಉಳಿದವುಗಳಲ್ಲಿ ದೊಡ್ಡದಕ್ಕೆ ಹಣ ಕೇಳುತ್ತಾರೆ. ನಿಮ್ಮ ಅಂಕಿ ಮತ್ತು ಬಿಲ್ಲಿನ ಅಂಕಿ ಹೊಂದದಿದ್ದರೆ ಮೊದಲು ಎರಡೂ ಕಡೆಯ ಗಡಿಯಾರ ನೋಡಿ. ಗ್ರಾಫಾನಾ ನಿಮ್ಮ ಬ್ರೌಸರಿನ ಹೊತ್ತನ್ನು ತೋರಿಸುತ್ತದೆ, ಸರ್ವರಿನ ಲಾಗ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರಬಹುದು. ಐದೂವರೆ ಗಂಟೆಯ ಆ ಅಂತರ ಮಧ್ಯಾಹ್ನದ ಮೂರನ್ನು ಬೆಳಗಿನ ಒಂಬತ್ತೂವರೆ ಮಾಡುತ್ತದೆ.

ಉದಾಹರಣೆಯ ಕಚೇರಿಗೆ ಹಿಂತಿರುಗಿದರೆ, ಅಲ್ಲಿಗೆ ಬೇಕಾದ್ದು ಹೆಚ್ಚಿನ ವೇಗದ ಲೈನ್ ಅಲ್ಲ. ಬ್ಯಾಕಪ್ ತಂತ್ರಾಂಶದ ಸಂಯೋಜನೆಯಲ್ಲಿ ವೇಗದ ಮಿತಿಯನ್ನು 30 ಎಂಬಿಪಿಎಸ್‌ಗೆ ಕಟ್ಟಿಹಾಕಿದರೆ, ಮೊದಲು 20 ಸೆಕೆಂಡಿನಲ್ಲಿ ಮುಗಿಯುತ್ತಿದ್ದ 2,000 ಮೆಗಾಬಿಟ್‌ಗೆ ಈಗ ಸುಮಾರು 67 ಸೆಕೆಂಡ್ ಬೇಕಾಗುತ್ತದೆ, ಅದು ಒಂದು ನಿಮಿಷಕ್ಕಿಂತ ಹೆಚ್ಚು, ಹಾಗಾಗಿ ಒಂದರ ಬಾಲ ಇನ್ನೊಂದರ ತಲೆಯನ್ನು ಹಿಡಿಯುತ್ತದೆ. ಮಿತಿ 40 ಇರಲಿ, ಇಲ್ಲವೇ ಬ್ಯಾಕಪ್ ಎರಡು ನಿಮಿಷಕ್ಕೊಮ್ಮೆ ನಡೆಯಲಿ. ಅಂತರ ಹೆಚ್ಚಿಸುವುದಾದರೆ ಪ್ರತಿ ಬಾರಿಯ ಬ್ಯಾಕಪ್ಪಿನ ಮೊತ್ತ ಬದಲಾಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಬದಲಾವಣೆ ಮಾಡಿದ ಕ್ಷಣವನ್ನು ಗ್ರಾಫಾನಾದಲ್ಲಿ ಕಂಟ್ರೋಲ್ ಕೀಲಿ ಒತ್ತಿಹಿಡಿದು ಗ್ರಾಫಿನ ಮೇಲೆ ಕ್ಲಿಕ್ ಮಾಡಿ ಟಿಪ್ಪಣಿಯಾಗಿ ಗುರುತಿಸಿ, ಮರುದಿನ ಮಧ್ಯಾಹ್ನ ಮೂರಕ್ಕೆ ವೈರ್‌ಶಾರ್ಕ್‌ನಲ್ಲಿ ಅದೇ ಮಿರರ್ ಪೋರ್ಟಿನಿಂದ, ಅದೇ 1 ಸೆಕೆಂಡಿನ ಅವಧಿಯಲ್ಲಿ ಇನ್ನೊಂದು ಐ/ಒ ಗ್ರಾಫ್ ತೆಗೆದು ಹಳೆಯದರ ಪಕ್ಕದಲ್ಲಿಡಿ.